ಮಿರ್ಚಿಯ ಮನೆಯ ಬಚ್ಚಲು

ನಮ್ಮ ಬಾಲ್ಕನಿಯ ತಂತಿಯ ಮೇಲೆ, ಒಗೆದ ಬಟ್ಟೆಗಳ ಸಾಲಿನ ಕೊನೆಯಲ್ಲಿ, ದಿನವೂ ಗೇಣುದ್ದದ ಒಂದು ಅರಿವೆಯ ತುಂಡು ಒಣಗುತ್ತಿರುತ್ತದೆ. ಹಸಿರು ಒಡಲು, ಕೆಂಪು ದಡಿ. ಒಂದು ಕಾಲಕ್ಕೆ ನನ್ನ ಅತ್ತೆಯವರ ಇಳಕಲ್ ಸೀರೆಯಲ್ಲಿದ್ದದ್ದು. ಮನೆಗೆ ಬಂದವರು ಕೈ ಒರೆಸಿಕೊಳ್ಳಲು ಅದರತ್ತ ಕೈ ಚಾಚಿದರೆ ನಾವೆಲ್ಲರೂ ಒಮ್ಮೆಲೇ ತಡೆಯುತ್ತೇವೆ. ಅದು ಮಿರ್ಚಿಯದು ಎಂದು ಹೇಳಿದಾಗ ಅವರ ಮುಖದಲ್ಲಿ ಮೂಡುವ ಪ್ರಶ್ನೆಗೆ ಉತ್ತರ ಕೊಡಲು ಕೊಂಚ ಹೊತ್ತು ಬೇಕಾಗುತ್ತದೆ. ನೀವು ಹೇಗೂ ಕುಳಿತಿದ್ದೀರಿ, ಹೇಳಿಬಿಡುತ್ತೇನೆ.

ಮಿರ್ಚಿ ಎಂದರೆ ನಮ್ಮ ಮಗಳು ಅನಘಾ ಸಾಕಿರುವ ಇಗುವಾನಾ. ಬೇಲಿಯ ಮೇಲಿನ ಓತಿಕ್ಯಾತಕ್ಕೆ ಯಾರೋ ಧಾರಾಳವಾಗಿ ಉಣಿಸಿ ತೋಳುದ್ದ ಬೆಳೆಸಿ ಹಸಿರು ಬಣ್ಣ ಬಳಿದರೆ ಹೇಗಿರುತ್ತದೋ ಹಾಗಿದೆ. ಊರು ಬಿಟ್ಟು ಹೊರಟ ಗೆಳತಿಯೊಬ್ಬಳು ಅದನ್ನು ಕಾಗದಪತ್ರಗಳ ಸಮೇತ ಇವಳಿಗೆ ಒಪ್ಪಿಸಿ ಹೋದಳು. ಬಾಲ್ಕನಿಯ ಪಕ್ಕದಲ್ಲಿ, ಬಟ್ಟೆಯ ಕಪಾಟಿನಷ್ಟು ದೊಡ್ಡದಾದ ಜಾಲರಿಯ ಗೂಡಿನಲ್ಲಿ ಅದರ ವಾಸ. ನನಗೆ ಅದರ ಮೇಲೆ ಪ್ರೀತಿಯಾಗಲಿ ಸಿಟ್ಟಾಗಲಿ ಇರಲಿಲ್ಲ. ಸದ್ದು ಮಾಡದ ಬಾಡಿಗೆದಾರರ ಮೇಲಿರುವಂಥ ಒಂದು ಸೌಜನ್ಯವಿತ್ತು. ಅತ್ತೆಯವರಂತೂ ಅದನ್ನು ಹೆಸರು ಹಿಡಿದು ಕರೆದವರಲ್ಲ, ಮುಟ್ಟಿದವರಲ್ಲ. ಅವರ ಪಾಲಿಗೆ ಅದು ಬರೀ 'ಅದು'.

ಈ ಪ್ರಾಣಿಯ ಪೂರ್ವಜರು ತೇವ ತುಂಬಿದ ಕಾಡಿನವರಂತೆ. ನಾವಿರುವ ಪುಣೆಯ ಹಡಪಸರದ ಬೇಸಿಗೆಯಲ್ಲಿ ಧೂಳಿಗೇನೂ ಕೊರತೆಯಿಲ್ಲ, ತೇವವೊಂದನ್ನು ಮಾತ್ರ ನಾವೇ ಒದಗಿಸಬೇಕು. ಹೀಗಾಗಿ ಬೆಳಿಗ್ಗೆ ಸಂಜೆ ಗೂಡಿನ ತುಂಬ ನೀರು ಸಿಂಪಡಿಸುವುದು, ಅದು ಒಳಗಿಟ್ಟ ನೀರಿನ ತೊಟ್ಟಿಯಲ್ಲಿ ಬಿದ್ದು ಹೊರಳಾಡಿ ಉಳಿದದ್ದನ್ನು ಚೆಲ್ಲುವುದು ನಡೆದೇ ಇತ್ತು. ಒಂದು ದಿನ ನೋಡಿದರೆ ಅದರ ಕಾಲ್ಬೆರಳುಗಳು ಕಪ್ಪಾಗತೊಡಗಿದ್ದವು. ಪ್ರಾಣಿವೈದ್ಯರು ನೋಡಿ, ಇದಕ್ಕೆ ನೀರು ಬೇಕು, ಆದರೆ ನೀರು ನಿಲ್ಲಬಾರದು, ಕಾಲಡಿಯ ನೆಲ ಹೀಗೆಯೇ ಹಸಿಯಾಗಿದ್ದರೆ ಮೊದಲು ಬೆರಳು ಹೋಗುತ್ತದೆ, ಆಮೇಲೆ ಪಾದ, ಆಮೇಲೆ ಜೀವ ಎಂದರು. ಅನಘಾ ಅಂದು ಊಟ ಮಾಡಲಿಲ್ಲ.

ನೀರು ಬೇಕು, ನಿಲ್ಲಬಾರದು. ಕೇಳಲು ಎಷ್ಟು ಸರಳ! ನಾವೆಲ್ಲ ನೀರನ್ನು ಬರಮಾಡಿಕೊಳ್ಳುವುದರಲ್ಲಿ ನಿಷ್ಣಾತರು. 'ನಳಾ ಬಂದ್ವು' ಎಂಬ ಕೂಗಿಗೆ ನಿದ್ದೆ ಬಿಟ್ಟೆದ್ದು ಓಡಿದ ಬಾಲ್ಯ ನನ್ನದು. ಇಲ್ಲಿ ಪುಣೆಯಲ್ಲಿಯೂ ಟ್ಯಾಂಕರು ಬಂದರೆ ಸೊಸೈಟಿಯ ಗ್ರೂಪಿನಲ್ಲಿ ಹಬ್ಬದ ಶುಭಾಶಯಕ್ಕಿಂತ ಹೆಚ್ಚು ಸಂದೇಶಗಳು ಹಾರಾಡುತ್ತವೆ. ಕೊಡ, ಹಂಡೆ, ಬಾನಿ, ತೊಟ್ಟಿ, ಟಾಕಿ ಎಂದು ನೀರನ್ನು ಹಿಡಿದಿಡುವುದಕ್ಕೆ ಎಷ್ಟೊಂದು ಪಾತ್ರೆಗಳು, ಎಷ್ಟೊಂದು ಹೆಸರುಗಳು! ಹೋಗುವ ನೀರನ್ನು ಮಾತ್ರ ನಾವು ಬೆನ್ನು ತಿರುಗಿಸಿ ಕಳಿಸುತ್ತೇವೆ. ಶಿವನ ಗುಡಿಯೊಂದೇ ಇದಕ್ಕೆ ಹೊರತು. ಅಭಿಷೇಕದ ನೀರು ಹೊರಬೀಳುವ ಕಡೆ ಶಿಲ್ಪಿ ಒಂದು ಮುಖವನ್ನೇ ಕೆತ್ತಿದ್ದಾನೆ, ಪ್ರದಕ್ಷಿಣೆ ಬರುವ ಭಕ್ತರು ಆ ಧಾರೆಯನ್ನು ದಾಟದೆ ಹಿಂದಿರುಗುತ್ತಾರೆ. ಮನೆಯ ಮೋರಿಗೆ ಅಂಥ ಮರ್ಯಾದೆ ಎಲ್ಲಿಯದು?

ಗೂಡಿನಿಂದ ನೀರು ಹೊರಹಾಕುವ ಕೆಲಸವನ್ನು ನನ್ನ ಯಜಮಾನರು ವಹಿಸಿಕೊಂಡರು. ಚಾಕಣದಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಅವರ ನೌಕರಿ; ಓರೆಕೋರೆ ಎಂಬುದು ಅವರ ಕಣ್ಣಿಗೆ ಮಹಾಪರಾಧ. ಗೂಡಿನ ತಳಕ್ಕೆ ಹಾಳೆ ಹೊದಿಸಿ, ಮೂಲೆಯಲ್ಲಿ ತೂತು ಕೊರೆದು ಪೈಪು ಜೋಡಿಸಿ, ಆಮೇಲೆ ಮಟ್ಟಗೋಲು ತಂದು ಅದರೊಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೆ ಒಂದು ಭಾನುವಾರವಿಡೀ ಒದ್ದಾಡಿದರು. ನೀರು ಹಾಕಿದೆವು. ಅದು ನಡುವೆಯೇ ಪದ್ಮಾಸನ ಹಾಕಿ ಕುಳಿತಿತು.

"ಇದೇನ್ರಿ, ಕೆರಿ ಕಟ್ಟಿಬಿಟ್ರಲ್ಲ?" ಎಂದೆ.

"ಲೆವೆಲ್ ಅಂತೂ ಪಕ್ಕಾ ಅದ" ಎಂದರು, ನೊಂದ ದನಿಯಲ್ಲಿ.

"ಪಕ್ಕಾ ಅದ, ಅದಕ್ಕ ನಿಂತದ."

ಕೊನೆಗೆ ಗೂಡಿನ ಹಿಂದಿನ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಕೊಟ್ಟೆವು. ಎಲೆಯ ಚೂರು ಸಿಕ್ಕಿಕೊಳ್ಳದಂತೆ ತೂತಿಗೆ ಜಾಲರಿ ಹಾಕಿ, ತಳದಿಂದ ಎರಡು ಬೆರಳು ಮೇಲೆ ತೂತುತೂತಿನ ಪ್ಲಾಸ್ಟಿಕ್ ಹಲಗೆ ಕೂರಿಸಿ, ಪೈಪಿನ ಬಾಯನ್ನು ಬಾಲ್ಕನಿಯ ಮೋರಿಗೆ ಬಿಟ್ಟೆವು. ಈ ಸಲ ಸುರಿದ ನೀರು ಹೇಳದೆ ಕೇಳದೆ ಹೊರಟುಹೋಯಿತು. ನಾವು ಮೂವರೂ ಚಪ್ಪಾಳೆ ತಟ್ಟಿದೆವು; ಅತ್ತೆಯವರು ಕುರ್ಚಿಯಲ್ಲಿ ಕುಳಿತು ಮೋರಿಯನ್ನೇ ನೋಡುತ್ತಿದ್ದರು.

ಅತ್ತೆಯವರು ವಿಜಾಪುರದ ಕಡೆಯವರು. ಅವರ ಕೈಯಲ್ಲಿ ನೀರು ಕೆಲಸವಿಲ್ಲದೆ ಕಳೆದದ್ದೇ ಇಲ್ಲ. ಅಕ್ಕಿ ತೊಳೆದದ್ದು ದನದ ಬಾನಿಗೆ, ಮುಖ ತೊಳೆದದ್ದು ಅಂಗಳಕ್ಕೆ, ಬಚ್ಚಲದ್ದು ಬಾಳೆಯ ಬುಡಕ್ಕೆ. ನಮ್ಮ ಜೊತೆ ಇರಲೆಂದು ಅವರು ಬಂದು ಸ್ವಾರಗೇಟಿನಲ್ಲಿ ಬಸ್ಸಿಳಿದ ದಿನ, ಈ ಮನೆಯಲ್ಲಿ ಸ್ನಾನ ಮಾಡಿ ಹೊರಬಂದವರೇ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಇಲ್ಲಿ ಬಚ್ಚಲ ನೀರು ಎಲ್ಲಿ ಹೋಗ್ತದವಾ?" ಎಂಬುದಾಗಿತ್ತು. "ಎಲ್ಲೋ ಹೋಗ್ತದ ಬಿಡ್ರಿ ಅತ್ತಿ" ಎಂದು ನಕ್ಕಿದ್ದೆ. ಎಲ್ಲಿ ಹೋಗುತ್ತದೆಂದು ನನಗೆ ಇಂದಿಗೂ ಗೊತ್ತಿಲ್ಲ. ನಿಮ್ಮ ಮನೆಯದು ನಿಮಗೆ ಗೊತ್ತಿದೆಯೇ?

ಇಷ್ಟೆಲ್ಲ ಮಾಡಿದರೂ ಮಿರ್ಚಿಯ ಬೆರಳು ಮಾಗಲಿಲ್ಲ. ಒಂದು ಬೆರಳಿನ ತುದಿಯನ್ನು ವೈದ್ಯರು ತೆಗೆದೇಬಿಟ್ಟರು. ಮನೆಗೆ ಬಂದವಳೇ ಹಲಗೆ ಎತ್ತಿ ನೋಡಿದೆ; ಅದರ ಕೆಳಗೆ ನೀರು ಗುಟ್ಟಾಗಿ ನಿಂತಿತ್ತು. ಪೈಪನ್ನು ಹಿಡಿದುಕೊಂಡು ಹೋಗಿ ಬಾಲ್ಕನಿಯಲ್ಲಿ ಬಗ್ಗಿದರೆ, ಅದರ ಬಾಯಿಗೆ ಅರಿವೆಯ ಬಿರಡೆಯೊಂದನ್ನು ಬಿಗಿಯಾಗಿ ತುರುಕಲಾಗಿತ್ತು. ಹಸಿರು ಒಡಲು, ಕೆಂಪು ದಡಿ. ಕೇಳುವುದೇನೂ ಉಳಿದಿರಲಿಲ್ಲ. ಆದರೂ ಕೇಳಿದೆ.

"ಹೂಂ, ನಾನ ತುರುಕೀನಿ" ಎಂದರು ಅತ್ತೆ, ಒಲೆ ಆರಿಸಿದೆ ಎನ್ನುವಷ್ಟೇ ಸಹಜವಾಗಿ. "ಹಗಲೆಲ್ಲಾ ತೊಟತೊಟ ಅಂತ ಮೋರ್ಯಾಗ ಹೊಂಟಿತ್ತು. ಕಣ್ಣಿಲೆ ನೋಡಾಕಾಗಲಿಲ್ಲ."

"ಅಜ್ಜೀ, ನೀರು ನಿಂತು ಅದರ ಬೆರಳು ಹೋತು!" ಅನಘಾ ಅಳುತ್ತಲೇ ಕಿರುಚಿದಳು.

ಅತ್ತೆಯವರ ಮುಖ ಬಿಳಿಚಿತು. "ಬೆರಳು ಹೋತಾ?" ಎಂದು ಮೆಲ್ಲಗೆ ಕೇಳಿದರು. "ನನಗ್ಯಾರು ಹೇಳಿದ್ರು?" ಯಾರೂ ಹೇಳಿರಲಿಲ್ಲ. ವೈದ್ಯರ ಮಾತನ್ನು ನಾವು ಮೂವರು ಅರ್ಧ ಮರಾಠಿ ಅರ್ಧ ಇಂಗ್ಲಿಷಿನಲ್ಲಿ ಅವರ ಕುರ್ಚಿಯ ಮುಂದೆಯೇ ಆಡಿಕೊಂಡಿದ್ದೆವು. ತಪ್ಪು ಯಾರದೆಂದು ತೀರ್ಪು ಕೊಡಲು ನಾನು ಹೋಗುವುದಿಲ್ಲ. 

ಮರುದಿನ ಬೆಳಿಗ್ಗೆ ಅವರೇ ಮಗನನ್ನು ಕರೆದರು. "ಆ ಪೈಪು ಗಿಡ್ಡ ಮಾಡಪಾ, ಕೆಳಗೊಂದು ಬಕೀಟು ಇಡು. ನೀರು ಹೋಗಲಿ, ಬ್ಯಾಡ ಅನ್ನೂದಿಲ್ಲ. ಎಲ್ಲಿ ಹೋಗ್ತದ ಅನ್ನೂದು ನನಗ ಗೊತ್ತಿರಬೇಕು."

ಹಾಗೆಯೇ ಆಯಿತು. ಬಕೀಟು ತುಂಬಿದ ಮೇಲೆ ಕರಿಬೇವಿನ ಕುಂಡದತ್ತ ಹೊರಟ ಅತ್ತೆಯವರನ್ನು ಅನಘಾ ತಡೆದು, ಮಿರ್ಚಿಯ ಹೊಲಸು ಬೆರೆತ ಈ ನೀರನ್ನು ನಾವು ತಿನ್ನುವ ಗಿಡಕ್ಕೆ ಹಾಕಬಾರದೆಂದು ಈ ಸಲ ಕುಳಿತು ಬಿಡಿಸಿ ಹೇಳಿದಳು. ಈಗ ಅದು ಲಿಫ್ಟಿನಲ್ಲಿ ಇಳಿದು ಗೇಟಿನ ಬಳಿಯ ಬೇವಿನ ಗಿಡಕ್ಕೆ ಹೋಗುತ್ತದೆ.

ಮನೆಯಿಂದ ಹೊರಟವರು 'ಹೋಗ್ತೀನಿ' ಎನ್ನದೆ 'ಹೋಗಿ ಬರ್ತೀನಿ' ಎನ್ನಬೇಕೆಂದು ನಮಗೆಲ್ಲ ಕಲಿಸಿದ್ದಾರೆ. ಹೋಗುವುದಕ್ಕೆ ಹಿರಿಯರು ಎಂದೂ ಅಡ್ಡಿಯಾದವರಲ್ಲ. ವಿಳಾಸವಿಲ್ಲದೆ ಹೋಗುವುದನ್ನು ಮಾತ್ರ ಅವರು ಸಹಿಸರು. ಸುಖವೋ ಸಂಕಟವೋ, ಮನೆಯೊಳಗೆ ಬಂದದ್ದು ಹೊರಹೋಗಲು ನೆಲ ಒಂದಿಷ್ಟು ಓರೆಯಾಗಿರಬೇಕು, ಕೆಳಗೆ ಒಂದು ಬಕೀಟು ಇರಬೇಕು ಎಂದು ನನಗೀಗ ಅನಿಸುತ್ತದೆ. ಎಲ್ಲವನ್ನೂ ದೂರ ನಿಂತು ನೋಡುವ ನನ್ನಂಥವಳಿಗೂ ಇಂಥ ಯೋಚನೆ ಬರುತ್ತದೆಂದರೆ ಮಿರ್ಚಿಯ ಸಹವಾಸ ಸಾಮಾನ್ಯದ್ದಲ್ಲ.

ಇನ್ನು ಆ ಬಿರಡೆ. ನಾನು ಅದನ್ನು ಕಸದ ಬುಟ್ಟಿಗೆ ಹಾಕಿದ್ದೆ. ಅತ್ತೆಯವರು ಅದನ್ನು ಹೆಕ್ಕಿ, ಬಿಚ್ಚಿ, ಒಗೆದು ತಂತಿಗೆ ಹಾಕಿದರು. ಅಂದಿನಿಂದ ಸಂಜೆ ನೀರು ಸಿಂಪಡಿಸಿದ ಮೇಲೆ ಗೂಡಿನ ಬಾಗಿಲು ತೆರೆದು, "ಬಾರೋ ಮಿರ್ಚ್ಯಾ" ಎಂದು ಕರೆದು, ಎಂದೂ ಮುಟ್ಟದಿದ್ದ ಆ ಪ್ರಾಣಿಯ ಕಾಲನ್ನು ಅಂಗೈಯಲ್ಲಿಟ್ಟುಕೊಂಡು, ಆ ಅರಿವೆಯಿಂದ ಒಂದೊಂದೇ ಬೆರಳಿನ ಸಂದಿಯ ನೀರು ಒರೆಸುತ್ತಾರೆ. ಅದೂ ಕಣ್ಣು ಮುಚ್ಚಿ ಒರೆಸಿಕೊಳ್ಳುತ್ತದೆ. ಉಳಿದ ಬೆರಳುಗಳೆಲ್ಲ ಮಾಗಿವೆ. ತುದಿಯಿಲ್ಲದ ಬೆರಳನ್ನು ಅವರು ಕಡೆಗೆಂದು ಇಟ್ಟುಕೊಂಡು, ಅದು ಒಣಗಿದ ಮೇಲೂ ಒರೆಸುತ್ತಲೇ ಇರುತ್ತಾರೆ.