ಜಗಲಿಯ ಮೇಲಿನ ಗುಳಿಗೆ

ನಮ್ಮ ಅತ್ತೆ ಕಸ್ತೂರೆಮ್ಮನವರಿಗೆ ಇಡೀ ಮನೆಯಲ್ಲಿ ಒಂದೇ ಜಾಗದ ಮೇಲೆ ನಂಬಿಕೆ. ಅದು ದೇವರ ಜಗಲಿ. ಹೊಲದ ಪಹಣಿ, ಬೀರುವಿನ ಕೀಲಿ, ಮೊಮ್ಮಗಳ ಹಾಲ್ ಟಿಕೆಟ್, ಎಲ್ಲವೂ ವಿಭೂತಿ ಗಟ್ಟಿಯ ಪಕ್ಕದಲ್ಲೇ ಇರಬೇಕು. ಸಾಲಗುಂದಕ್ಕೆ ಸೊಸೆಯಾಗಿ ಬಂದಾಗಿನಿಂದ ಇದನ್ನು ನೋಡಿ ನನಗೆ ಸಾಕಾಗಿದೆ. ಆದರೆ ಅಲ್ಲಿಟ್ಟ ಒಂದು ಸೂಜಿಯೂ ಇಂದಿನವರೆಗೆ ಕಳೆದಿಲ್ಲ ಎಂಬುದನ್ನೂ ಒಪ್ಪಬೇಕು.

ಹೋದ ತಿಂಗಳು ನನ್ನ ಮಗಳು ಶಿವಗಂಗಾಳಿಗೆ ಉರಿಮೂತ್ರ, ಜ್ವರ. ಸಿಂಧನೂರಿನ ಡಾಕ್ಟರಮ್ಮ ಸುಕನ್ಯಾ ಒಂದು ವಾರಕ್ಕೆ ಆ್ಯಂಟಿಬಯಾಟಿಕ್ ಗುಳಿಗೆ ಬರೆದರು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಜಗಲಿಯ ಮೇಲಿಟ್ಟರು. ಬೆಳಿಗ್ಗೆ, ಸಂಜೆ ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ, ಬಾಯಿಗೆ ಗುಳಿಗೆ ಹಾಕಿ, ನುಂಗುವವರೆಗೂ ಅವಳ ಗಂಟಲನ್ನೇ ನೋಡುತ್ತ ನಿಲ್ಲುತ್ತಿದ್ದರು. ಜ್ವರ ಇಳಿಯಿತು. ಅತ್ತೆ ನೆಂಟರ ಮನೆಯ ಬಸುರಿಯ ಕುಬಸಕ್ಕೆಂದು ಮುಕ್ಕುಂದಕ್ಕೆ ಹೋದರು. ನಾನು ನಾಟಿ ಹಚ್ಚಿಸಲು ನಸುಕಿನಲ್ಲೇ ಗದ್ದೆಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದೆ. ಗುಳಿಗೆ ಮರೆಯಬೇಡ ಎಂದು ಇಬ್ಬರೂ ಹೇಳಿಯೇ ಹೋಗಿದ್ದೆವು.

ಎರಡು ದಿನ ಬಿಟ್ಟು ಅತ್ತೆ ಮರಳಿದಾಗ ಹುಡುಗಿ ಚಾದರ ಹೊದ್ದು ನಡುಗುತ್ತಿದ್ದಳು. ಗುಳಿಗೆಗಳು ಇದ್ದಲ್ಲೇ ಇದ್ದವು.

"ಯಾಕ ತಗೊಂಡಿಲ್ಲಬೇ?" ಅತ್ತೆ ಗದರಿದರು.

"ಮುಟ್ಟಾಗೀನಿ ಅಜ್ಜಿ. ಜಗಲಿ ಹೆಂಗ ಮುಟ್ಲಿ? ನೀನ ಬೈತಿ."

"ನಿಮ್ಮವ್ವಗರ ಹೇಳಬಾರದೇನು?"

"ಉಷ್ಣದ ಗುಳಿಗಿ, ಈ ದಿನದಾಗ ಬ್ಯಾಡ ಅಂದ್ರು ಗೆಳತ್ಯಾರು. ಸುಮ್ಮನ ಇದ್ದೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಟೋ ಹಿಡಿದು ಸಿಂಧನೂರಿಗೆ ಓಡಿದೆವು. ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿಸಿ ಬೇರೆ ಗುಳಿಗೆ ಕೊಟ್ಟರು.

"ಮುಟ್ಟು ಬಂತಂತ ಇವನ್ನ ಬಿಡಬಾರದವ್ವ," ಎಂದು ಮಗಳಿಗೆ ಹೇಳಿದರು. "ಒಂದು ಹೊತ್ತು ಮರೆತ್ರ ಮುಂದಿನ ಹೊತ್ತಿಗೆ ಎರಡು ನುಂಗಬ್ಯಾಡ. ಹೊಟ್ಟಿನೋವಿಗೆ ಬ್ಯಾರೆ ಗುಳಿಗಿ ಬೇಕಾದ್ರ ನನ್ನ ಕೇಳು. ಮೈಮ್ಯಾಲ ತುರಿಸೋ ಗಂಧಿ ಎದ್ರ, ಭಾಳ ಭೇದಿ ಆದ್ರ ತಡ ಮಾಡದ ಬಾ."

"ಬಿಟ್ರ ಏನಾಗತೈತ್ರಿ?" ಅತ್ತೆ ಕೇಳಿದರು.

"ಸೋಂಕು ಕಿಡ್ನಿಗೆ ಏರಬಹುದ್ರಿ."

ದಾರಿಯಲ್ಲಿ ಗುಳಿಗೆಯನ್ನು ಅಡುಗೆಮನೆಯಲ್ಲಿಡೋಣ ಎಂದು ನಾನೆಂದರೆ ಅತ್ತೆ ಬೇಡವೆಂದು ತಲೆಯಲ್ಲಾಡಿಸಿದರು. ಮನೆಗೆ ಬಂದವರೇ ಗುಳಿಗೆಗಳನ್ನು ಜಗಲಿಯ ಮೇಲಿಟ್ಟು ಶಿವಗಂಗಾಳ ಕೈ ಹಿಡಿದು ಕರೆದರು. ಹುಡುಗಿ ಹಿಂದೆ ಸರಿದಳು. ಅತ್ತೆ ಸೆರಗಿನೊಳಗಿನಿಂದ ಕೊರಳಿನ ಇಷ್ಟಲಿಂಗವನ್ನು ಹೊರಗೆ ತೆಗೆದರು.

"ಇದು ನಾ ಸಣ್ಣಾಕಿ ಇದ್ದಾಗಿಂದ ಎದಿ ಮ್ಯಾಲ ಐತಿ. ಮುಟ್ಟಿನಾಗೂ ಬಿಚ್ಚಿಲ್ಲ, ಬಾಣಂತನದಾಗೂ ಬಿಚ್ಚಿಲ್ಲ. ಇದಕ್ಕಿಲ್ಲದ ಮೈಲಿಗಿ ಆ ಜಗಲಿಗೆ ಯಾಕ? ಹುಚ್ಚಿ ನಾನು, ಇಷ್ಟು ದಿನ ವಿಚಾರನ ಮಾಡಿಲ್ಲ. ನಿನ್ನ ಕೈಯಿಂದನ ತಗೊ, ನನ್ನವ್ವ."

ಅವಳು ಅಂಜುತ್ತಲೇ ಕೈ ಚಾಚಿ ಗುಳಿಗೆ ತೆಗೆದುಕೊಂಡು ನುಂಗಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಅಂದು ನನಗೂ ಮುಟ್ಟಾಗಿತ್ತು, ಅತ್ತೆಗೆ ಅದು ಗೊತ್ತಿತ್ತು.

"ನೀ ಯಾಕ ಹೊರಗ ನಿಂತಿ?" ಎಂದರು. "ಒಳಗ ಬಾ, ದೀಪ ನೀನ ಹಚ್ಚು."