ಯೂರಿಯಾ ಚೀಟಿ ತಿದ್ದಲು ಹಾಗಲವಾಡಿಗೆ, ಕುಣಿಗಲ್ಲಿಗೆ

ಶನಿವಾರ ಬೆಳಗ್ಗೆ ಏಳಕ್ಕೆ ತುಮಕೂರಿನಲ್ಲಿ ಗುಬ್ಬಿ ಬಸ್ಸು ಹತ್ತಿದೆ. ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲ. ಆಗ ನಾನು ಮಣ್ಣು ಪರೀಕ್ಷೆಯ ಕಚೇರಿಯೊಂದರಲ್ಲಿ ಗುಮಾಸ್ತೆ, ಬಟವಾಡಿ ಬಡಾವಣೆಯಲ್ಲಿ ಬಾಡಿಗೆ ಕೋಣೆ. ರೈತರು ಕಟ್ಟಿ ತಂದ ಮಣ್ಣನ್ನು ಒಳಗಿನವರು ಪರೀಕ್ಷಿಸುತ್ತಿದ್ದರು. ಎಕರೆಗೆ ಎಷ್ಟು ಯೂರಿಯಾ ಎಂಬುದನ್ನು ಪುಸ್ತಕದಿಂದ ಚೀಟಿಗೆ ಇಳಿಸಿ ಅಂಚೆಗೆ ಹಾಕುವುದು ನನ್ನ ಕೆಲಸ.

ಹಿಂದಿನ ದಿನ ಹಳೆಯ ಪ್ರತಿಗಳನ್ನು ನೋಡುವಾಗ ತಪ್ಪು ಕಣ್ಣಿಗೆ ಬಿತ್ತು. ಹಾಗಲವಾಡಿಯ ಕೆಂಚಪ್ಪನವರ ರಾಗಿಗೆ ಕುಣಿಗಲ್ಲಿನ ಗಫಾರ್ ಸಾಹೇಬರ ಭತ್ತದ ಅಂಕಿ ಬರೆದಿದ್ದೆ, ಭತ್ತಕ್ಕೆ ರಾಗಿಯದು. ರಾಗಿಗೆ ಬೇಕಾದ್ದರ ಎರಡರಷ್ಟು, ಭತ್ತಕ್ಕೆ ಅರ್ಧ. ಚೀಟಿ ಹೋಗಿ ತಿಂಗಳಾಗಿತ್ತು. ಅಧಿಕಾರಿಗೆ ಹೇಳಲು ಧೈರ್ಯ ಬರಲಿಲ್ಲ. ತಲೆನೋವೆಂದು ರಜೆ ಬರೆದುಕೊಟ್ಟೆ.

ಗುಬ್ಬಿ ಮುಟ್ಟಲು ಮುಕ್ಕಾಲು ಗಂಟೆ. ಹಾಗಲವಾಡಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೋಟೆಲಿನಲ್ಲಿ ಇಡ್ಲಿ ತರಿಸಿದೆ. ಒಂದನ್ನು ತಿಂದು ಇನ್ನೊಂದನ್ನು ಬಿಟ್ಟೆ. ಯೂರಿಯಾ ಹೆಚ್ಚಾದರೆ ರಾಗಿ ಸೊಕ್ಕಿ ಬೆಳೆದು, ಒಂದು ಗಾಳಿಗೆ ಮಲಗಿಬಿಡುತ್ತದೆ. ಬಸ್ಸು ಉತ್ತರಕ್ಕೆ ತಿರುಗಿದ ಮೇಲೆ ದಾರಿಯುದ್ದಕ್ಕೂ ಹೊಲಗಳನ್ನೇ ನೋಡುತ್ತಿದ್ದೆ. ಮೋಡ ಕವಿದಿತ್ತು, ಹನಿ ಇರಲಿಲ್ಲ.

ಕೆಂಚಪ್ಪನವರು ಜಗುಲಿಯ ಮೇಲೇ ಸಿಕ್ಕರು. ಕಚೇರಿಯಿಂದ ಬಂದವಳೆಂದು ತಿಳಿದದ್ದೇ ತಡ, ಒಳಗಿನಿಂದ ನನ್ನ ಚೀಟಿಯನ್ನು ತಂದು ತೋರಿಸಿದರು. ಮಡಿಕೆಗಳು ಸವೆದು ಹೋಗಿದ್ದವು.

“ಬರ್ದಂಗೇ ಹಾಕ್ಸಿವ್ನಿ ಕಣಮ್ಮ. ಒಂದು ಹಿಡೀನೂ ಕಮ್ಮಿ ಇಲ್ಲ.”

ಮೊದಲು ಹೊಲ ನೋಡಬೇಕೆಂದೆ. ಅವರಿಗೆ ಮಂಡಿನೋವು, ಹೆಂಡತಿ ಲಕ್ಕಮ್ಮ ನನ್ನ ಜೊತೆ ಬಂದರು.

ರಾಗಿ ಮಂಡಿಯೆತ್ತರಕ್ಕೆ ನೆಟ್ಟಗೆ ನಿಂತಿತ್ತು. ಎಲ್ಲೂ ಸೊಕ್ಕಿರಲಿಲ್ಲ. ನಾನು ಬಗ್ಗಿ ಬಗ್ಗಿ ನೋಡುವುದನ್ನು ಕಂಡು ಲಕ್ಕಮ್ಮ ಕೇಳಿದರು: “ಯಾಕವ್ವಾ, ಏನ್ ಹುಡುಕ್ತಿದೀಯ?”

ಹೇಳಿದೆ. ಅಂಕಿ ತಪ್ಪೆಂದೆ, ಬರೆದವಳು ನಾನೇ ಎಂದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

“ಮೂಟೆ ತಂದ್ಹಾಕಿದ್ದು ಅವ್ರು. ಎರಚೋಳು ನಾನಲ್ವಾ? ತಿಪ್ಪೆಗೊಬ್ರ ಬಿದ್ದಿದ್ ಕಡೆ ಪೈರು ಕರ್ರಗಿತ್ತು, ಅಲ್ಲಿ ಹಾಕ್ಲೇ ಇಲ್ಲ. ಬಿಳಿಚ್ಕೊಂಡಿದ್ ಕಡೆ ಒಂದೊಂದು ಹಿಡಿ ಎರಚ್ದೆ. ಮಿಕ್ಕಿದ್ದು ಗುಡಾಣದಲ್ಲಿ ಬಾಯಿ ಕಟ್ಟಿ ಇಟ್ಟಿವ್ನಿ.” ಆಮೇಲೆ ನಗು ನಿಲ್ಲಿಸಿ, “ಅವ್ರ್‌ಗೆ ಹೇಳ್ಬ್ಯಾಡ ಕಣವ್ವ. ಆ ಚೀಟೀನ ಊರೋರ್ಗೆಲ್ಲ ತೋರ್ಸ್ಕಂಡು ಓಡಾಡವ್ರೆ” ಎಂದರು.

ಮನೆಗೆ ಬಂದು ಕೆಂಚಪ್ಪನವರಿಗೆ ಹೊಸ ಚೀಟಿ ಕೊಟ್ಟೆ. ಹಳೆಯದು ತಪ್ಪು, ಇನ್ನು ಯೂರಿಯಾ ಹಾಕಬೇಡಿ ಎಂದೆ. ಅವರ ಮುಖ ಸಣ್ಣಗಾಯಿತು.

“ಮತ್ತೆ ಪೈರು ಚೆನ್ನಾಗೈತಲ್ಲ?”

“ಎರಚಿದವರ ಕೈ ಚೆನ್ನಾಗಿದೆ” ಎಂದೆ.

ಅವರು ಹೆಂಡತಿಯ ಕಡೆ ನೋಡಿದರು. ಲಕ್ಕಮ್ಮ ಮುದ್ದೆ ಕಟ್ಟುವುದರಲ್ಲಿ ಮಗ್ನರಾಗಿದ್ದರು. ಹುರುಳಿಕಾಳಿನ ಸಾರಿನ ಜೊತೆ ಎರಡು ಮುದ್ದೆ ಉಂಡು ಸಂಜೆಯ ಬಸ್ಸು ಹಿಡಿದೆ.

ಭಾನುವಾರ ಕುಣಿಗಲ್ಲಿಗೆ ಹೊರಟಾಗ ಮನಸ್ಸು ಹಗುರವಾಗಿತ್ತು. ಅಲ್ಲಿಯೂ ಯಾರಾದರೂ ನನ್ನ ಚೀಟಿಯನ್ನು ನಂಬದೆ ಇದ್ದಿರಬಹುದು ಎಂಬ ಆಸೆ. ಗಫಾರ್ ಸಾಹೇಬರದು ಪೇಟೆಯಲ್ಲಿ ಬಳೆ ಅಂಗಡಿ. ಐವತ್ತು ದಾಟಿದ ಮನುಷ್ಯ. ವಿಷಯ ಕೇಳಿ ಬಾಗಿಲು ಎಳೆದುಕೊಂಡು ಕೆರೆಯ ಕೆಳಗಿನ ಗದ್ದೆಗೆ ಕರೆದೊಯ್ದರು. ಎಳೆ ಬಿಸಿಲಿತ್ತು. ಅಕ್ಕಪಕ್ಕದ ಗದ್ದೆಗಳು ಕಡುಹಸಿರು. ನಡುವೆ ಒಂದು ಮಾತ್ರ ಹಳದಿಗೆ ತಿರುಗಿತ್ತು. ಕೇಳಬೇಕಾಗಿರಲಿಲ್ಲ.

“ಪಕ್ಕದೋರು ಹೇಳಿದ್ರು, ಇನ್ನೂ ಹಾಕಿ ಸಾಬ್ರೇ ಅಂತ. ನಾನು ಬಳೆ ಮಾರೋನು, ಗದ್ದೆ ಮಾಡ್ತಿರೋದು ಇದು ಎರಡನೇ ವರ್ಷ. ನನಗೇನ್ ಗೊತ್ತು? ಓದಿದೋರು ಬರ್ದಿದಾರೆ ಅಂತ ಅಷ್ಟಕ್ಕೇ ನಿಲ್ಲಿಸ್ದೆ.”

ಅವರು ಬೈದಿದ್ದರೆ ಸಹಿಸುತ್ತಿದ್ದೆ. ಬದುವಿನ ಮೇಲೆ ನಿಂತು ಅತ್ತುಬಿಟ್ಟೆ. ಅವರು ಬಗ್ಗಿ ಒಂದು ಹಳದಿ ಗರಿಯನ್ನು ಕಿತ್ತುಕೊಂಡರು.

“ಆಫೀಸ್ನೋರು ಕಳಿಸಿದ್ರಾ?”

“ಇಲ್ಲ. ಅವರಿಗಿನ್ನೂ ಗೊತ್ತಿಲ್ಲ. ನಾಳೆ ಹೇಳ್ತೀನಿ.”

“ಸರಿ, ಈಗ ಎಷ್ಟು ಹಾಕ್ಲಿ ಹೇಳಿ.”

ಪೈರಿನ ಬುಡದಲ್ಲಿ ಇನ್ನೂ ಹೊಸ ತೆಂಡೆಗಳು ಒಡೆಯುತ್ತಿದ್ದವು; ಕಾಲ ಪೂರ್ತಿ ಮೀರಿರಲಿಲ್ಲ. ನೀರು ಬಸಿದು, ಕಡಿಮೆ ಬಿದ್ದದ್ದರಲ್ಲಿ ಅರ್ಧವನ್ನು ಇವತ್ತೇ ಎರಚಿ, ಉಳಿದರ್ಧ ಗರಿಯ ಬಣ್ಣ ನೋಡಿಕೊಂಡು ಮೂರು ವಾರ ಬಿಟ್ಟು ಹಾಕಿ ಎಂದೆ. ಪಕ್ಕದವರಷ್ಟು ಬೆಳೆ ಬರಲಿಕ್ಕಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ಹೂಂ ಎಂದು ಪಂಚೆ ಎತ್ತಿ ಕಟ್ಟಿ, ನೀರು ಹರಿದುಹೋಗಲು ಬದುವಿನ ಮಡೆ ಬಿಡಿಸಿದರು.

ಬಸ್ಸು ನಿಲ್ಲುವಲ್ಲಿಯವರೆಗೂ ಜೊತೆಗೆ ಬಂದರು. ನಾನು ಮೆಲ್ಲಗೆ ಕೇಳಿದೆ: “ಮುಂದಿನ ವರ್ಷ ಮಣ್ಣು ತರ್ತೀರಾ?”

“ತರ್ತೀನಿ. ಬರೆಯೋವಾಗ ಮಾತ್ರ ಒಂದ್ಸಲ ಈ ಗದ್ದೆ ನೆನಪು ಮಾಡ್ಕೊಳಮ್ಮ.”

ಬಸ್ಸು ಕೆರೆ ಏರಿಯ ಮೇಲೆ ಹೋಗುವಾಗ ಕಿಟಕಿಯಿಂದ ತಿರುಗಿ ನೋಡಿದೆ. ಅವರು ಆಗಲೇ ಗದ್ದೆಯ ಕಡೆಗೆ ಅರ್ಧ ದಾರಿ ನಡೆದಿದ್ದರು.