ಸಂಜೀವಣ್ಣನ ಊಟದ ಕರಾರು

ಅನ್ನದ ಸೌಟನ್ನು ತಟ್ಟೆಯ ಮೇಲೆ ಎತ್ತಿ ಹಿಡಿದು ಸಂಜೀವಣ್ಣ ಕೇಳುತ್ತಿದ್ದರು: "ಇವತ್ತು ಇಲ್ಲ ಹೇಳಿದ್ದು ಯಾರು ಮಾರಾಯ?" ಹೆಸರು ಹೇಳಿದ ಮೇಲೆಯೇ ಸೌಟು ಇಳಿಯುತ್ತಿತ್ತು.

ಕೆಲಸ ಕಳೆದುಕೊಂಡವರಿಗೆ ಭತ್ಯೆ ಕೊಡುವ ದೇಶಗಳಿವೆಯಂತೆ. ಕುವೈತಿನಲ್ಲಿ ನಮ್ಮಂಥವರಿಗೆ ಇದ್ದದ್ದು ಸಲ್ವಾ ಬಡಾವಣೆಯಲ್ಲಿ ಊರಿನವರೆಲ್ಲ ಕೂಡಿ ಇದ್ದ ಫ್ಲ್ಯಾಟಿನ ಊಟ ಮಾತ್ರ. ದುಡಿಯುವವರು ಸೇರಿ ದುಡಿಮೆ ಇಲ್ಲದವರಿಗೆ ಹಾಕುತ್ತಿದ್ದರು. ಬಡಿಸುವುದು, ಕರಾರು ವಿಧಿಸುವುದು ಎರಡೂ ಸಂಜೀವಣ್ಣನದೇ. ಕಾಪು ಕಡೆಯವರು, ಹೋಟೆಲಿನಲ್ಲಿ ಅಡುಗೆಯವರು, ಬೆವರಿಗೆಂದು ಕಾಲರಿನ ಒಳಗೆ ಸದಾ ಒಂದು ಕರವಸ್ತ್ರ. ಉಣ್ಣುವವನು ಬೆಳಿಗ್ಗೆ ಗಡ್ಡ ಹೆರೆದು, ಇಸ್ತ್ರಿ ಶರ್ಟು ಹಾಕಿ ಕೆಲಸ ಕೇಳಲು ಹೊರಡಬೇಕು. ಇಲ್ಲ ಅಂದವನ ಹೆಸರನ್ನು ಸಂಜೆ ತರಬೇಕು. "ಕೇಳಲಿಕ್ಕೆ ನಾಚುವವ ಉಣ್ಣಲಿಕ್ಕೂ ನಾಚಬೇಕು" ಎನ್ನುತ್ತಿದ್ದರು.

ತೊಂಬತ್ತರ ಬೇಸಿಗೆಯಲ್ಲಿ ನಮ್ಮ ಕಂಪನಿ ಬಾಗಿಲು ಹಾಕಿತು. ನಾನೂ ಧಾರವಾಡ ಕಡೆಯ ಮೆಕ್ಯಾನಿಕ್ ಬಸವರಾಜನೂ ಆ ಕರಾರಿಗೆ ಬಿದ್ದೆವು. ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿಯುವುದರೊಳಗೆ ಜಾಮೀನು ನಿಂತು ಕೆಲಸ ಕೊಡುವ ಹೊಸ ಕಫೀಲ್ ಸಿಗದಿದ್ದರೆ ಇಬ್ಬರೂ ಊರಿಗೆ ಹೊರಡಬೇಕಿತ್ತು. ಸಾಲದ್ದಕ್ಕೆ ಈ ದಿನದಿನದ ತನಿಖೆ. ಮನುಷ್ಯನದು ಪೊಲೀಸ್ ಬುದ್ಧಿ ಎಂದು ನಾನು ಬೈದುಕೊಳ್ಳುತ್ತಿದ್ದೆ.

ಬಸವರಾಜ ಒಂದು ದಿನವಿಡೀ ಸಮುದ್ರದ ದಂಡೆಯಲ್ಲಿ ಕೂತು ಬಂದು, ಜಾಬ್ರಿಯಾದ ಯಾವುದೋ ಕ್ಲಿನಿಕ್ಕಿನ ಮ್ಯಾನೇಜರ್ ಜೋಸೆಫ್ ಇಲ್ಲ ಅಂದರು ಎಂದು ಹೆಸರು ಕಟ್ಟಿ ಹೇಳಿದ. ಮರುದಿನ ಸಂಜೀವಣ್ಣ ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಬರಲಿಲ್ಲ. ಸಂಜೆ ಬಂದು, ನೆನೆದ ಕರವಸ್ತ್ರ ಹಿಂಡುತ್ತಾ ಹೇಳಿದರು: "ಜೋಸೆಫ್ ಅಂತ ಜಾಬ್ರಿಯಾದ ಕ್ಲಿನಿಕ್ಕುಗಳಲ್ಲಿ ಯಾರೂ ಇಲ್ಲ. ಒಬ್ಬ ಮ್ಯಾಥ್ಯೂ ಇದ್ದಾನೆ. ಎಸಿ ರಿಪೇರಿಗೆ ಜನ ಬೇಕಂತೆ, ನಾಳೆ ಹೋಗು."

"ತಪ್ಪಾತ್ರೀ ಅಣ್ಣಾ" ಎಂದ ಬಸವರಾಜ. ಅವರು ಅನ್ನ ಬಡಿಸಿದರು.

ಹೆಸರು ಯಾಕೆ ಬೇಕಿತ್ತೆಂದು ಆಗ ತಿಳಿಯಿತು. ಇಲ್ಲ ಅಂದವರ ಬಾಗಿಲಿಗೆ ನಮ್ಮ ಬೆನ್ನಿಗೇ ಹೋಗಿ ಅವರು ಮತ್ತೊಮ್ಮೆ ಕೇಳುತ್ತಿದ್ದರು. ಮೊದಲು ಇಲ್ಲವೆಂದ ಅಂಗಡಿಯವನೊಬ್ಬ ಆಮೇಲೆ ನನ್ನನ್ನು ಕೆಲಸಕ್ಕೆ ಕರೆದಿದ್ದ. ನನ್ನ ಇಂಗ್ಲಿಷಿಗೆ ಮೆಚ್ಚಿದ ಎಂದು ನಾನು ಬೀಗುತ್ತಿದ್ದೆ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಕ್ಲಿನಿಕ್ಕು, ಅಂಗಡಿ, ಹೋಟೆಲು ಎಲ್ಲವೂ ಖಲಾಸ್. ಈಗ ಫ್ಲ್ಯಾಟಿನ ಎಲ್ಲರೂ ನಿರುದ್ಯೋಗಿಗಳು. ಸಂಜೀವಣ್ಣ ಮಾತ್ರ ಗಡ್ಡ ಹೆರೆದು, ಇಸ್ತ್ರಿ ಶರ್ಟು ಹಾಕಿ, ಬಂದೂಕಿನವರನ್ನು ದಾಟಿ ಕೆಲಸ ಕೇಳಲು ಹೊರಟರು. ಸಂಜೆ ಸೌಟು ಬಸವರಾಜನ ಕೈಯಲ್ಲಿತ್ತು. "ಇವತ್ತ ಇಲ್ಲ ಅಂದಾವ್ರು ಯಾರ್ರೀ ಅಣ್ಣಾ?" ಅವರು ನಗದೆ ಹೆಸರು ಹೇಳಿದರು. ಕೆಲವು ದಿನಗಳ ಮೇಲೆ ಹೇಳಲು ಹೆಸರಿರಲಿಲ್ಲ. ಆಳುಗಳು ಓಡಿಹೋಗಿದ್ದ ಒಂದು ಬೇಕರಿಯ ಮುದುಕ ಯಜಮಾನ ಹೂಂ ಅಂದಿದ್ದ. ಸಂಬಳವೆಂದರೆ ರೊಟ್ಟಿ. ನಾವೆಲ್ಲ ಅದನ್ನೇ ತಿಂದೆವು.

ಊರು ಸೇರಲು ಜೋರ್ಡಾನಿನ ದಾರಿ ಹಿಡಿಯುವ ಬಸ್ಸಿನಲ್ಲಿ ಎಲ್ಲರಿಗೂ ಜಾಗ ಸಿಕ್ಕಿತು. ಹೊರಡುವ ಬೆಳಿಗ್ಗೆ ಸಂಜೀವಣ್ಣ ಬಂದದ್ದು ಪೆಟ್ಟಿಗೆಯಿಲ್ಲದೆ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ನಮ್ಮ ದಾರಿಗೆ ರೊಟ್ಟಿಯ ಗಂಟು ಹೊತ್ತು. ಜೀವಕ್ಕಿಂತ ಕೆಲಸ ದೊಡ್ಡದೇ ಎಂದು ನಾನು ರೇಗಿದೆ.

"ಕೆಲಸ ಕೊಡಿ ಅಂತ ಆ ಮುದುಕನನ್ನು ಕೇಳಿದ್ದು ನಾನಲ್ವಾ? ಕೊಟ್ಟ ಮೇಲೆ ಬೇಡ ಹೇಳಲಿಕ್ಕೆ ಆಗ್ತದಾ? ನೀವು ಹೊರಡಿ."

ನನಗೆ ಅವರ ಮೇಲೆ ಸಿಟ್ಟು ಬಂತು. ಈಗಲೂ ಪೂರ್ತಿ ಇಳಿದಿಲ್ಲ.

ಯುದ್ಧ ಮುಗಿದು, ತೊಂಬತ್ತೊಂದರ ಕೊನೆಗೆ ನಾನು ಕುವೈತಿಗೆ ಮರಳಿದೆ. ಕಾಪುವಿನಲ್ಲಿದ್ದ ಸಂಜೀವಣ್ಣನ ತಂಗಿಗೆ ಅಲ್ಲಿಯವರೆಗೂ ಅವರ ಯಾವ ಸುದ್ದಿಯೂ ಬಂದಿರಲಿಲ್ಲ. ಬೇಕರಿಯಲ್ಲಿ ಹೊಸಬರಿದ್ದರು, ಫ್ಲ್ಯಾಟಿನಲ್ಲಿ ಬೇರೆ ಸಂಸಾರ. ಗಡ್ಡ ಹೆರೆದು, ಇಸ್ತ್ರಿ ಶರ್ಟು ಹಾಕಿ ಸಲ್ವಾದ ಬೀದಿಗಳಲ್ಲಿ ಸಂಜೀವಣ್ಣನನ್ನು ವಿಚಾರಿಸುತ್ತಾ ಹೋದೆ. ಗೊತ್ತಿಲ್ಲ ಅಂದ ಪ್ರತಿಯೊಬ್ಬರ ಹೆಸರನ್ನೂ ಕೇಳಿಕೊಂಡೆ. ಸಂಜೆ ತಟ್ಟೆ ಹಾಕಿಕೊಂಡು ಕೂತಾಗ ಅಷ್ಟೂ ಹೆಸರುಗಳು ನೆನಪಿದ್ದವು, ಕೇಳುವವರು ಇರಲಿಲ್ಲ.